ಮಂಗನ ಕಾಯಿಲೆಯ ನಾಡಿನಲ್ಲಿ

ಸಾಗರಕ್ಕೆ ಬರುವ ಪ್ರವಾಸಿಗರಲ್ಲಿ ಬಹುಮಂದಿ ಬಸ್ಸು ನಿಲ್ದಾಣದಿಂದ ನೇರವಾಗಿ ಜೋಗದ ದಾರಿ ಹಿಡಿಯುತ್ತಾರೆ. ಸ್ವಲ್ಪ ಬಿಡುವುಳ್ಳವರು ಇಕ್ಕೇರಿಯ ಅಘೋರೇಶ್ವರನನ್ನೂ ಕೆಳದಿಯ ರಾಮೇಶ್ವರನನ್ನೂ ಕಂಡು, ಗುಡಿಗಾರರ ಅಂಗಡಿಯಲ್ಲಿ ಶ್ರೀಗಂಧದ ಪೆಟ್ಟಿಗೆಯೊಂದನ್ನು ಕೊಂಡು ತೃಪ್ತರಾಗಿ ಹಿಂದಿರುಗುತ್ತಾರೆ. ಅವರನ್ನು ದೂರುವಂತಿಲ್ಲ, ನೋಡತಕ್ಕವೇ ಅವು. ಆದರೆ ಈ ಸೀಮೆಯಲ್ಲಿ ಯಾವ ಪ್ರವಾಸ ಕೈಪಿಡಿಯೂ ಸೂಚಿಸದ ಇನ್ನೊಂದು ದಾರಿಯುಂಟು. ಅದು ಸೊರಬದ ಕಾಡಿನಿಂದ ಹೊರಟು, ಕಾರ್ಗಲ್ಲಿನಾಚೆಯ ಕಣಿವೆಗಳನ್ನು ಹಾದು, ಶರಾವತಿಯ ಹಿನ್ನೀರಿನವರೆಗೆ ಹೋಗುತ್ತದೆ. ಒಂದು ರೋಗ ನಡೆದ ದಾರಿ ಅದು; ರೋಗದ ಹಿಂದೆ ಔಷಧ ನಡೆದ ದಾರಿಯೂ ಹೌದು. ಇಬ್ಬರಲ್ಲಿ ಯಾರ ನಡಿಗೆ ಚುರುಕು ಎಂಬುದನ್ನು ತಿಳಿಯಬೇಕೆಂದು, ಹಿನ್ನೀರಿಗೆ ಸೇತುವೆಯಾದ ಮೇಲಿನ ಮೊದಲ ಚಳಿಗಾಲದಲ್ಲಿ ನಾನು ಆ ದಾರಿಯಲ್ಲಿ ನಾಲ್ಕು ದಿನ ಸುತ್ತಿದೆ. ಕಂಡದ್ದನ್ನು ವಾಚಕರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

ಮೊದಲು ನೆಲದ ಮಾತು. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ಕೂಡಿದ ಮನೆಗಳ ಗುಂಪು. ಡಂಗುರ ಬಾರಿಸಿದರೆ ಕಡೆಯ ಮನೆಗೂ ಕೇಳಿಸುತ್ತದೆ. ಮಲೆನಾಡಿನ ಊರು ಹಾಗಲ್ಲ. ಇಲ್ಲಿ ಮನೆಗೊಂದು ಕಣಿವೆ, ಕಣಿವೆಗೊಂದು ಹೆಸರು. ಕೆಳಗೆ ಗದ್ದೆ, ನಡುವೆ ಅಡಿಕೆ ತೋಟ, ಮೇಲೆ ಮನೆ, ಮನೆಯ ಬೆನ್ನಿಗೆ ಸೊಪ್ಪಿನಬೆಟ್ಟ. ತೋಟಕ್ಕೆ ಬೇಕಾದ ಸೊಪ್ಪು, ಕೊಟ್ಟಿಗೆಗೆ ಹಾಸುವ ದರಕು, ಒಲೆಗೆ ಬೇಕಾದ ಸೌದೆ, ದನಗಳ ಮೇವು ಎಲ್ಲವೂ ಆ ಬೆಟ್ಟದಿಂದಲೇ ಇಳಿಯಬೇಕು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದಾದರೆ ಹಳ್ಳವೊಂದನ್ನು ದಾಟಿ ದಿಣ್ಣೆಯೊಂದನ್ನು ಏರಬೇಕು. ಕಣ್ಣಿಗೆ ಹಬ್ಬವಾದ ಈ ಏಕಾಂತವೇ, ಚೀಲ ಹೆಗಲಿಗೇರಿಸಿ ಮನೆಮನೆಗೆ ಔಷಧ ಒಯ್ಯುವವಳಿಗೆ ದಿನದ ದಣಿವು.

ಸಾಗರದಿಂದ ಉತ್ತರಕ್ಕೆ ಹೊರಟರೆ ಸೊರಬ ತಾಲ್ಲೂಕು. ಕ್ಯಾಸನೂರು ಎಂಬ ಊರು ಇರುವುದು ಅಲ್ಲಿ. ಲೋಕದ ವೈದ್ಯಗ್ರಂಥಗಳಲ್ಲಿ ಹೆಸರು ಪಡೆದ ಕನ್ನಡದ ಹಳ್ಳಿಗಳು ಎಷ್ಟಿವೆಯೋ ಕಾಣೆ, ಇದಂತೂ ಪಡೆದಿದೆ. ಆದರೆ ಯಾವ ಊರೂ ಬಯಸುವ ಕೀರ್ತಿಯಲ್ಲ ಅದು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಕಪ್ಪುಮೋರೆಯ ಮುಸಿಯಗಳೂ ಊರೂರಿನಲ್ಲಿ ನಾವು ಕಾಣುವ ಮಂಗಗಳೂ ಸಾಲುಸಾಲಾಗಿ ಸತ್ತುಬಿದ್ದವು. ಅದೇ ಕಾಲಕ್ಕೆ ಸುತ್ತಣ ಹಳ್ಳಿಗಳ ಜನ ಭಯಂಕರವಾದ ಜ್ವರದಿಂದ ಮಲಗಿದರು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ಹಳದಿಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂದು ಸರ್ಕಾರ ಬೆದರಿತು. 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಅವರು ಮಂಗದ ದೇಹದಿಂದ ಬೇರ್ಪಡಿಸಿದ ವೈರಾಣು ಹಳದಿಜ್ವರದ್ದಾಗಿರಲಿಲ್ಲ; ರಷ್ಯದ ಕಾಡುಗಳಲ್ಲಿ ಮಿದುಳಿನ ಜ್ವರವನ್ನು ತರುವ ವೈರಾಣುವಿನ ಬಳಗಕ್ಕೆ ಸೇರಿದ ಹೊಸದೊಂದು ಜೀವಿ. ಕಾಡಿನ ಹೆಸರನ್ನೇ ಅದಕ್ಕೆ ಇಟ್ಟರು. ನಮ್ಮ ಜನ ಮಾತ್ರ ತಾವು ಕಂಡದ್ದನ್ನೇ ಹೇಳಿ ಮಂಗನ ಕಾಯಿಲೆ ಎಂದರು.

ಹೆಸರು ಹಾಗಿದ್ದರೂ ಮಂಗ ಇಲ್ಲಿ ಅಪರಾಧಿಯಲ್ಲ, ಮನುಷ್ಯನಂತೆಯೇ ರೋಗಕ್ಕೆ ಈಡಾದ ಪ್ರಾಣಿ. ರೋಗವನ್ನು ಹೊತ್ತು ತಿರುಗುವುದು ಉಣುಗು. ಮಳೆಗಾಲ ಕಳೆದು ನೆಲ ಆರುತ್ತ ಬಂದಂತೆ ಮರಿ ಉಣುಗುಗಳು ಕಾಡಿನ ದರಕಿನಲ್ಲಿ ಹರಡಿಕೊಳ್ಳುತ್ತವೆ. ಸಾಸಿವೆಗಿಂತ ಸಣ್ಣದಾದ ಅವು ಮೈಗೆ ಹತ್ತಿದ್ದು ಗೊತ್ತಾಗುವುದಿಲ್ಲ. ರೋಗ ತಗುಲಿದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗುದುರಿ ಆ ಜಾಗವನ್ನು ವಿಷದ ಕಣವನ್ನಾಗಿ ಮಾಡುತ್ತವೆ. ದರಕು ಗುಡಿಸಲು ಬಂದವರಿಗೆ ಅವು ಕಚ್ಚಿದರೆ ಮೂರರಿಂದ ಎಂಟು ದಿನಗಳೊಳಗೆ ಜ್ವರ, ತಲೆ ಸಿಡಿಯುವಂಥ ನೋವು, ಮೈಕೈ ಮುರಿತ. ಕೆಲವರಿಗೆ ಮೂಗು ವಸಡುಗಳಲ್ಲಿ ರಕ್ತ. ಮತ್ತೆ ಕೆಲವರಿಗೆ ಒಮ್ಮೆ ಜ್ವರ ಬಿಟ್ಟು, ವಾರವೆರಡು ವಾರದ ಬಳಿಕ ಮಿದುಳಿಗೆ ತಾಗಿ ಮರುಕಳಿಸುವ ಜ್ವರ. ನೂರು ಮಂದಿ ಮಲಗಿದರೆ ಮೂವರೋ ಐವರೋ ಏಳುವುದಿಲ್ಲ. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡದು. ಇದನ್ನು ಕೊಲ್ಲುವ ನಿರ್ದಿಷ್ಟ ಔಷಧವೂ ಇಲ್ಲ. ಬೇಗ ಗುರುತಿಸಿ, ದ್ರವಾಂಶ ಕೊಟ್ಟು, ರಕ್ತಸ್ರಾವವಾಗದಂತೆ ಕಾವಲಿದ್ದು ಕಾಪಾಡಬೇಕು. ಆದ್ದರಿಂದ ಇಲ್ಲಿ ವೈದ್ಯನ ಕೌಶಲಕ್ಕಿಂತ ಮೊದಲು ಬೇಕಾದದ್ದು ಸಮಯ.

ಆ ಸಮಯವೇ ಈ ಸೀಮೆಯಲ್ಲಿ ದುರ್ಲಭವಾದ ವಸ್ತು ಎಂಬುದು ಕಾರ್ಗಲ್ಲಿನಿಂದ ಮುಂದಕ್ಕೆ ಹೋದವನಿಗೆ ತಾನಾಗಿ ಅರ್ಥವಾಗುತ್ತದೆ. ಜೋಗದಿಂದ ಹೆಚ್ಚು ದೂರವಿಲ್ಲದ ಅರಳಗೋಡಿನ ಕಡೆಗೆ ರಸ್ತೆ ಕಾಡನ್ನು ಸೀಳಿಕೊಂಡು ಹೋಗುತ್ತದೆ. ಸಿಂಗಳೀಕಗಳಿಗೆ ಹೆಸರಾದ ಕಾಡು. ಹಗಲಲ್ಲೂ ಮಬ್ಬು, ಎಲ್ಲೋ ನೀರು ಹರಿಯುವ ಸದ್ದು. 2018ರ ಕೊನೆ ಮತ್ತು 2019ರ ಮೊದಲ ತಿಂಗಳುಗಳಲ್ಲಿ ರೋಗ ಜೋರಾಗಿ ಎದ್ದು ಈ ಊರಿನ ಹೆಸರನ್ನು ನಾಡಿನ ಪತ್ರಿಕೆಗಳಿಗೆಲ್ಲ ಹತ್ತಿಸಿತು. ಕೆಲವೇ ವಾರಗಳಲ್ಲಿ ಹಲವು ಮನೆಗಳ ದೀಪ ಆರಿತು. ಇಲ್ಲಿಂದ ಹೊರಟ ರೋಗಿ ಸಾಗರವನ್ನು ಸೇರಬೇಕು. ಅಲ್ಲಿಂದ ಶಿವಮೊಗ್ಗೆಗೆ, ಇಲ್ಲವೆ ಘಟ್ಟವಿಳಿದು ಮಣಿಪಾಲಕ್ಕೆ. ರೋಗಿ ಒಂದು ಕಡೆ ಹೊರಟರೆ ಅವನ ರಕ್ತದ ಮಾದರಿ ಇನ್ನೊಂದು ಕಡೆ ಹೊರಡುತ್ತದೆ. ಹಿಂದೆ ಅದು ಪುಣೆಯ ತನಕ ಹೋಗಿ ಬರಬೇಕಾಗಿತ್ತು; ಈಗ ಶಿವಮೊಗ್ಗೆಯ ಪ್ರಯೋಗಾಲಯದಲ್ಲಿಯೇ ಪರೀಕ್ಷೆ ನಡೆಯುತ್ತದೆ. ಇದೊಂದು ದೊಡ್ಡ ಸುಧಾರಣೆ.

ಸ್ವಾತಂತ್ರ್ಯಕ್ಕೆ ಮುಂಚೆಯೇ, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಸಮಿತಿ ಆರೋಗ್ಯಸೇವೆ ಜನರ ಮನೆಬಾಗಿಲಿಗೆ ಆದಷ್ಟು ಸಮೀಪದಲ್ಲಿರಬೇಕೆಂದು ವಿಧಿಸಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲ ಆ ವರದಿಯಲ್ಲಿದೆ. ಮುಂದೆ ಸರ್ಕಾರ ಲೆಕ್ಕವೊಂದನ್ನು ಗೊತ್ತುಮಾಡಿತು: ಬಯಲಿನಲ್ಲಿ 30,000 ಜನಕ್ಕೆ ಒಂದು ಕೇಂದ್ರ, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು, ಅದರ ಕೆಳಗೆ 5,000 ಅಥವಾ 3,000 ಜನಕ್ಕೆ ಒಂದು ಉಪಕೇಂದ್ರ. ಗುಡ್ಡಗಾಡಿಗೆ ರಿಯಾಯಿತಿ ತೋರಿದ್ದು ಸರಿಯೇ. ಆದರೂ ಲೆಕ್ಕ ಹಾಕಿದ್ದು ತಲೆಗಳನ್ನು, ಹಳ್ಳದಿಣ್ಣೆಗಳನ್ನಲ್ಲ. ಬಯಲಿನ ದೊಡ್ಡ ಹಳ್ಳಿಯೊಂದರ ಎರಡು ಕೇರಿಗಳಲ್ಲಿ ಮೂರು ಸಾವಿರ ಜನ ಸಿಕ್ಕಬಹುದು. ಅಷ್ಟೇ ಜನ ಇಲ್ಲಿ ಎಷ್ಟೋ ಕಣಿವೆಗಳಲ್ಲಿ ಚೆದುರಿದ್ದಾರೆ. ಕಾಗದದ ಮೇಲೆ ಎರಡೂ ಒಂದೇ ಉಪಕೇಂದ್ರ; ನಡೆಯುವ ಕಾಲಿಗೆ ಒಂದೇ ಅಲ್ಲ.

ಇನ್ನು ವೈದ್ಯರ ಸಂಗತಿ. ಹಳ್ಳಿಗೆ ಹೋಗಲು ವೈದ್ಯರು ಒಪ್ಪುವುದಿಲ್ಲವೆಂಬುದು ಹಳೆಯ ದೂರು. ವೈದ್ಯವಿದ್ಯೆ ಮುಗಿಸಿದವರು ಒಂದು ವರ್ಷ ಸರ್ಕಾರದ ಸೇವೆ ಮಾಡಲೇಬೇಕೆಂದು ಕರ್ನಾಟಕ 2012ರಲ್ಲಿ ಕಾನೂನನ್ನೇ ಮಾಡಿತು. ಕಾನೂನಿನಿಂದ ಖಾಲಿ ಕುರ್ಚಿ ತುಂಬಬಹುದು. ಆದರೆ ಈ ಕಾಡಿನಲ್ಲಿ ಯಾವ ತಿಂಗಳಲ್ಲಿ ಯಾವ ಜ್ವರ ಏಳುತ್ತದೆ, ಯಾವ ಮನೆಯವರು ಮೂರನೆಯ ದಿನಕ್ಕೆ ಬಾಯಿಬಿಡುತ್ತಾರೆ, ಯಾವ ದಾರಿಯಲ್ಲಿ ಜೀಪು ಹೋಗದು ಎಂಬುದನ್ನು ಕಲಿಯಲು ಒಂದು ವರ್ಷ ಬೇಕು. ಕಲಿಯುವಷ್ಟರಲ್ಲಿ ವರ್ಷ ತುಂಬುತ್ತದೆ. ಹೊಸಬರು ಬಂದು ಮೊದಲಿನಿಂದ ಕಲಿಯತೊಡಗುತ್ತಾರೆ. ಕಾಲೇಜಿನಲ್ಲಿ ವರ್ಷಕ್ಕೊಬ್ಬ ಉಪನ್ಯಾಸಕ ಬದಲಾದರೆ ವಿದ್ಯಾರ್ಥಿಗಳ ಪಾಡೇನೆಂಬುದನ್ನು ಬಲ್ಲವನಾದ್ದರಿಂದ, ರೋಗಿಗಳ ಪಾಡನ್ನು ಊಹಿಸುವುದು ನನಗೆ ಕಷ್ಟವಾಗಲಿಲ್ಲ.

ಲಸಿಕೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಮೊದಮೊದಲು ರಷ್ಯದ ಜ್ವರದ ಲಸಿಕೆಯನ್ನೇ ಇಲ್ಲಿ ಪ್ರಯೋಗಿಸಿ ನೋಡಿದರು, ಫಲ ಸಿಗಲಿಲ್ಲ. ಆಮೇಲೆ ಕೋಳಿಮೊಟ್ಟೆಯ ಭ್ರೂಣದ ಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಲಿನ್‌ನಿಂದ ಅದನ್ನು ನಿರ್ಜೀವಗೊಳಿಸಿದ ಲಸಿಕೆ ನಮ್ಮಲ್ಲಿಯೇ ಸಿದ್ಧವಾಯಿತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಆರರಿಂದ ಒಂಬತ್ತು ತಿಂಗಳೊಳಗೆ ಮತ್ತೊಂದು. ಅನಂತರ ಐದು ವರ್ಷ ವರ್ಷಕ್ಕೊಂದು. 2005ರಿಂದ 2010ರವರೆಗಿನ ಅನುಭವವನ್ನು ಪರಿಶೀಲಿಸಿದಾಗ ಒಂದೇ ಚುಚ್ಚುಮದ್ದಿನಿಂದ ರಕ್ಷಣೆಯಿಲ್ಲವೆಂದೂ, ಎರಡರಿಂದ ನೂರಕ್ಕೆ ಸುಮಾರು 62ರಷ್ಟು, ಮೂರನೆಯದೂ ಸೇರಿದರೆ ಸುಮಾರು 83ರಷ್ಟು ರಕ್ಷಣೆ ದೊರೆಯುತ್ತದೆಂದೂ ತಿಳಿದುಬಂತು. ಎಂದರೆ ಮದ್ದಿನ ಶಕ್ತಿ ಮದ್ದಿನಲ್ಲಿ ಮಾತ್ರವಿರಲಿಲ್ಲ. ಒಂದೇ ಮನೆಯ ಒಬ್ಬನೇ ಮನುಷ್ಯನನ್ನು ಮತ್ತೆ ಮತ್ತೆ ಹುಡುಕಿಕೊಂಡು ಹೋಗುವ ತಾಳ್ಮೆಯಲ್ಲಿತ್ತು.

ಆ ತಾಳ್ಮೆಗೆ ಎದುರಾದ ಅಡ್ಡಿಗಳು ಒಂದೆರಡಲ್ಲ. ಚುಚ್ಚಿದ ತೋಳು ಬಲು ನೋಯುತ್ತಿತ್ತು. ದಿನಗೂಲಿಯವನಿಗೆ ತೋಳಿನ ನೋವೆಂದರೆ ಕೂಲಿಯ ನಷ್ಟ. ಲಸಿಕೆಯನ್ನು ರೋಗಕಾಲಕ್ಕೆ ಮುಂಚೆ ಕೊಟ್ಟು ಮುಗಿಸಬೇಕಾದದ್ದು ಮಳೆಗಾಲದ ಕೊನೆಯಲ್ಲಿ, ರಸ್ತೆ ಕೆಟ್ಟಿರುವಾಗ. ಸ್ವಲ್ಪ ತಡವಾಯಿತೆಂದರೆ ಅಡಿಕೆ ಕೊಯ್ಲು. ಹಗಲೆಲ್ಲ ತೋಟ, ರಾತ್ರಿಯೆಲ್ಲ ಸುಲಿತ, ಮನೆಯಲ್ಲಿ ಯಾರೂ ಸಿಕ್ಕುವುದಿಲ್ಲ. ಕಾರ್ಖಾನೆಯಿಂದ ಕಡೆಯ ಮನೆಯವರೆಗೆ ಲಸಿಕೆ ತಂಪಿನಲ್ಲಿಯೇ ಬರಬೇಕು. ನಡುವೆ ಎಲ್ಲಿ ಬಿಸಿಯಾದರೂ ಸೀಸೆಯೊಳಗಿರುವುದು ಬರಿಯ ನೀರಿಗೆ ಸಮ. ಎಲ್ಲಕ್ಕಿಂತ ಮಿಗಿಲಾಗಿ, ಲಸಿಕೆ ಹಾಕುವ ಎಲ್ಲೆಯನ್ನು ನಿರ್ಧರಿಸುತ್ತಿದ್ದ ಬಗೆ. ರೋಗ ಕಾಣಿಸಿಕೊಂಡ ಸ್ಥಳದ ಸುತ್ತ ಐದು ಕಿಲೋಮೀಟರಿನ ವೃತ್ತ ಎಳೆದು ಅದರೊಳಗಿನವರಿಗೆ ಹಾಕುವುದು ಪದ್ಧತಿ. ಅಲ್ಪ ಸಾಮಗ್ರಿಯಿದ್ದಾಗ ಇದು ವಿವೇಕವೇ. ಆದರೆ ಕಾಯಿಲೆಗೆ ಕೈವಾರದ ಹಂಗಿಲ್ಲ. 1980ರ ದಶಕದ ಆರಂಭದಲ್ಲಿ ಗೇರುತೋಟಕ್ಕಾಗಿ ಕಾಡು ಕಡಿದಾಗ ಬೆಳ್ತಂಗಡಿಯ ಕಡೆ ಎದ್ದಿತು. 2012ರ ಕೊನೆಯಲ್ಲಿ ದೂರದ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿದ ಅರಣ್ಯದ ಕೆಲಸಗಾರರನ್ನು ಹಿಡಿಯಿತು. ಬಳಿಕ ವಯನಾಡಿನಲ್ಲಿ, ಗೋವೆಯಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ತಲೆಯೆತ್ತಿತು. ನಿನ್ನೆಯ ರೋಗದ ಸುತ್ತ ಎಳೆದ ಗೆರೆ ನಾಳೆಯ ರೋಗವನ್ನು ತಡೆಯಲಿಲ್ಲ.

ಕಡೆಗೆ ಲಸಿಕೆಯ ಸತ್ವವೇ ಕುಂದುತ್ತ ಬಂದು 2022ರಲ್ಲಿ ಅದರ ಬಳಕೆ ನಿಂತುಹೋಯಿತು. 2024ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ರೋಗ ಮತ್ತೆ ಕೆರಳಿದಾಗ ಜನರ ಕೈಯಲ್ಲಿ ಲಸಿಕೆಯಿರಲಿಲ್ಲ. ಹೊಸದೊಂದನ್ನು ಸಿದ್ಧಪಡಿಸುವ ಕಾರ್ಯವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಕೈಗೊಂಡಿದೆ. ತಡವಾದುದೇಕೆಂದು ಕೇಳಿದರೆ ಉತ್ತರ ಕಹಿಯಾದರೂ ಸರಳ. ನಾಡಿಗೆಲ್ಲ ಬರುವ ಕಾಯಿಲೆಯ ಮದ್ದನ್ನು ಮಾರಲು ವ್ಯಾಪಾರಿಗಳು ನಾ ಮುಂದು ತಾ ಮುಂದು ಎಂದು ಬರುತ್ತಾರೆ. ಮಲೆಯ ಮೂಲೆಯ ಕೆಲವು ಸಾವಿರ ಮನೆಗಳಿಗೆ ಮಾತ್ರ ಬೇಕಾದ ಮದ್ದಿನಲ್ಲಿ ಯಾರಿಗೆ ಲಾಭ? ಅಲ್ಪಸಂಖ್ಯೆಯವರ ಕಾಯಿಲೆ ಸರ್ಕಾರದ ಹೊಣೆಯಾಗಿ ಉಳಿಯದಿದ್ದರೆ ಯಾರ ಹೊಣೆಯೂ ಆಗಿ ಉಳಿಯದು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರ್ಗಲ್ಲಿನಿಂದ ಸಾಗರಕ್ಕೆ ಹಿಂದಿರುಗಿ, ಮರುದಿನ ಆವಿನಹಳ್ಳಿಯ ಮಾರ್ಗವಾಗಿ ಹಿನ್ನೀರಿನ ಕಡೆಗೆ ಹೊರಟೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹರಡಿಕೊಂಡಾಗ ಮುಳುಗಿದ್ದು ಗದ್ದೆ ತೋಟಗಳು ಮಾತ್ರವಲ್ಲ, ಊರಿಂದೂರಿಗೆ ಇದ್ದ ದಾರಿಗಳೂ ಮುಳುಗಿದವು. ಆಚೆಯ ದಡದ ತುಮರಿ, ಬ್ಯಾಕೋಡಿನ ಜನಕ್ಕೆ ಆರು ದಶಕಗಳ ಕಾಲ ಲಾಂಚೇ ಗತಿಯಾಯಿತು. ಹಗಲು ಲಾಂಚು, ರಾತ್ರಿ ದೇವರು ಎಂಬಂತಿತ್ತು ಬಾಳು. ಕತ್ತಲಾದ ಮೇಲೆ ಹೆರಿಗೆಯ ನೋವು ಬಂದರೆ, ಹಾವು ಕಡಿದರೆ, ಸುತ್ತುಬಳಸಿನ ಕಾಡುರಸ್ತೆ ಹಿಡಿಯಬೇಕು, ಇಲ್ಲವೆ ಬೆಳಗಾಗುವುದನ್ನು ಕಾಯಬೇಕು. 2025ರ ಜುಲೈ 14ರಂದು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಮೀರಿದ ತೂಗುಹಗ್ಗಗಳ ಸೇತುವೆ ತೆರೆಯಿತು. ನಾನು ದಾಟಿದ ಸಂಜೆ ಸಿಗಂದೂರಿನ ಯಾತ್ರಿಕರು ಅದರ ಮೇಲೆ ನಿಂತು ಭಾವಚಿತ್ರ ತೆಗೆದುಕೊಳ್ಳುತ್ತಿದ್ದರು. ನೀರು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಒಣಗಿ ನಿಂತ ಮರದ ಬೊಡ್ಡೆಗಳು ಅಲ್ಲಲ್ಲಿ ತಲೆಯೆತ್ತಿ ಮುಳುಗಿದ ಕಾಡಿನ ನೆನಪು ಹೇಳುತ್ತಿದ್ದವು.

ಆಚೆ ದಡದ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯೊಬ್ಬರ ಪರಿಚಯವಾಯಿತು. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಯೋಜನೆಯ ಮೂಲಕ ಸಾವಿರ ಜನಕ್ಕೊಬ್ಬರಂತೆ ನೇಮಕಗೊಂಡ ಈ ಹೆಣ್ಣುಮಕ್ಕಳು ಸರ್ಕಾರದ ಲೆಕ್ಕದಲ್ಲಿ ನೌಕರರಲ್ಲ, ಸ್ವಯಂಸೇವಕಿಯರು, ಸಂಬಳವಲ್ಲ, ಗೌರವಧನ. ಸೇತುವೆಯಿಂದ ಅನುಕೂಲವಾಯಿತೇ ಎಂದು ಕೇಳಿದೆ.

"ಆಗದೆ ಇರ್ತದಾ ಮೇಷ್ಟ್ರೇ? ರಾತ್ರಿ ಆಂಬ್ಯುಲೆನ್ಸ್ ಬರ್ತದೆ ಅನ್ನೋ ಧೈರ್ಯ ಬಂತು. ಆದರೆ ಸೇತುವೆಯಿಂದ ಆ ಗುಡ್ಡದ ಮನೆಗೆ ನಾನೇ ನಡೀಬೇಕು. ಅಲ್ಲಿ ಫೋನೂ ಹತ್ತೋದಿಲ್ಲ."

"ಉಣುಗು ಕಚ್ಚದಂತೆ ಎಣ್ಣೆ ಕೊಡ್ತಾರಂತಲ್ಲ ತಾಯಿ, ಜನ ಹಚ್ಚಿಕೊಳ್ತಾರಾ?"

"ಕೊಟ್ಟರೆ ಎಲ್ಲರೂ ತಗೊಳ್ತಾರೆ. ಹಚ್ಚಿಕೊಳ್ಳೋದು ಮೊದಲ ನಾಲ್ಕು ದಿನ. ಬೆಳಗಾಮುಂಚೆ ದರಕಿಗೆ ಹೊರಟವರಿಗೆ ಪುರುಸೊತ್ತು ಎಲ್ಲಿ? ಬೆವರು ಬಂದರೆ ಇಳಿದೂ ಹೋಗ್ತದೆ. ಸೀಸೆ ಖಾಲಿ ಆದಮೇಲೆ ಇನ್ನೊಂದು ಯಾವಾಗ ಬರ್ತದೆ ಅಂತ ಕೇಳಿದರೆ ನಾನು ಏನು ಹೇಳಲಿ?"

ಜ್ವರ ಬಂದವರು ಕೂಡಲೆ ತಿಳಿಸುತ್ತಾರೆಯೇ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಮೊದಲು ಮೆಣಸಿನ ಕಷಾಯ, ಆಮೇಲೆ ಅಂಗಡಿ ಮಾತ್ರೆ, ಮೂರನೇ ದಿನಕ್ಕೆ ನಾನು. ಹೇಳಿದರೆ ದೊಡ್ಡಾಸ್ಪತ್ರೆಗೆ ಕಳಿಸ್ತಾರೆ. ಕೊಟ್ಟಿಗೇಲಿರೋ ದನ ನೋಡೋರು ಯಾರು, ಅದು ಅವರ ಚಿಂತೆ. ಕಾಡಿಗೆ ಹೋಗಬೇಡಿ ಅಂತ ಹೇಳೋಕೆ ನನಗೇ ನಾಚಿಕೆ. ನಮ್ಮ ಮನೆ ಕೊಟ್ಟಿಗೆಗೂ ದರಕು ಬೇಕಲ್ಲ."

ಆರೋಗ್ಯಶಿಕ್ಷಣದ ಮೇಲೆ ನಾನು ಓದಿದ ಪುಟಗಳಿಗಿಂತ ಈ ಕಡೆಯ ಮಾತು ಹೆಚ್ಚು ಕಲಿಸಿತು. ಜನರಿಗೆ ತಿಳಿವಳಿಕೆಯಿಲ್ಲ ಎನ್ನುವುದು ಪಟ್ಟಣದವರ ಸುಲಭವಾದ ತೀರ್ಪು. ತಿಳಿವಳಿಕೆ ಅವರಿಗುಂಟು, ತಿಳಿದಂತೆ ನಡೆಯುವ ಅನುಕೂಲವಿಲ್ಲ. ರೋಗಿಗೆ ಹಾಸಿಗೆ ಉಚಿತ, ಮದ್ದು ಉಚಿತ ಎಂದರೆ ಅರ್ಧ ಮಾತ್ರ ಹೇಳಿದಂತೆ. ಅವನು ಮಲಗಿದ ದಿನಗಳಲ್ಲಿ ದನಕ್ಕೆ ಹುಲ್ಲು ಹಾಕುವವರಾರು, ಒಡನಿರುವವಳ ಕೂಲಿ ಏನಾಯಿತು ಎಂಬ ಉಳಿದರ್ಧಕ್ಕೆ ಯಾವ ವಹಿಯಲ್ಲಿಯೂ ಕಲಮಿಲ್ಲ.

ಇನ್ನೊಂದು ತೊಡಕು ಕಚೇರಿಗಳದು. ಸತ್ತ ಮಂಗ ಅರಣ್ಯ ಇಲಾಖೆಗೆ ಸೇರಿದ್ದು. ಅದನ್ನು ಕೊಯ್ದು ಪರೀಕ್ಷಿಸುವವರು ಪಶುವೈದ್ಯ ಇಲಾಖೆಯವರು. ಉಣುಗು ಕಚ್ಚಿದ ಮನುಷ್ಯ ಆರೋಗ್ಯ ಇಲಾಖೆಯವನು. ಉಣುಗು ಮಾತ್ರ ಯಾವ ಇಲಾಖೆಯ ಅಪ್ಪಣೆಗೂ ಕಾಯದೆ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಕಾಲದ ಲೆಕ್ಕವೂ ಹೊಂದುವುದಿಲ್ಲ. ರೋಗದ ವರ್ಷ ನವೆಂಬರಿನಲ್ಲಿ ಹುಟ್ಟಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಸರ್ಕಾರದ ವರ್ಷ ಏಪ್ರಿಲಿನಲ್ಲಿ ಹುಟ್ಟಿ ಮಾರ್ಚಿಯಲ್ಲಿ ಮುಗಿಯುತ್ತದೆ. ಜ್ವರ ಏರಿ ನಿಂತಿರುವ ಹೊತ್ತಿಗೆ ಹಳೆಯ ವರ್ಷದ ಹಣದ ಲೆಕ್ಕ ಕಟ್ಟಬೇಕು. ಮಳೆ ಬಿದ್ದು ಜ್ವರ ಇಳಿದರೆ ಎಲ್ಲರಿಗೂ ನೆಮ್ಮದಿ. ಆ ನೆಮ್ಮದಿಯಲ್ಲಿ ಮುಂದಿನ ಸಿದ್ಧತೆ ಮರೆಯುತ್ತದೆ. ಕೆಲಸ ಮಾಡಬೇಕಾದದ್ದು ರೋಗಿಯೇ ಇಲ್ಲದ ಆ ಮಳೆಗಾಲದಲ್ಲಿ.

ಈ ನಾಡಿಗೆ ವ್ಯವಸ್ಥೆಯೆಂಬುದು ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಇಲ್ಲಿ ಆಳಿದ ಕೆಳದಿಯ ಶಿವಪ್ಪನಾಯಕನ ಹೆಸರನ್ನು ಇಂದಿಗೂ ಉಳಿಸಿರುವುದು ಅವನ ಯುದ್ಧಗಳಿಗಿಂತ ಮಿಗಿಲಾಗಿ ಅವನ ಶಿಸ್ತು. ಕಂದಾಯ ಗೊತ್ತುಮಾಡುವ ಮುನ್ನ ಅವನು ಬಗೆಬಗೆಯ ಮಣ್ಣಿನ ಹೊಲಗಳಲ್ಲಿ ವರ್ಷಾನುವರ್ಷ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು ಎಂದು ಬರೆಸಿದನೆಂದು ಪ್ರತೀತಿ. ನೆಲವನ್ನು ಕೇಳಿ ಲೆಕ್ಕ ಬರೆದ ರೀತಿ ಅದು; ಲೆಕ್ಕ ಬರೆದು ನೆಲದ ಮೇಲೆ ಹೇರಿದ್ದಲ್ಲ. ಕಂದಾಯ ಎತ್ತುವುದಕ್ಕೆ ಇಷ್ಟು ಶ್ರದ್ಧೆ ತೋರಿದ ಸೀಮೆಯಲ್ಲಿ ಪ್ರಾಣ ಉಳಿಸುವುದಕ್ಕೆ ಅದೇ ಶ್ರದ್ಧೆ ಸಾಧ್ಯವಾಗದೇ? ಕಣಿವೆಗಳನ್ನು ಎಣಿಸಿ ಕಾರ್ಯಕರ್ತೆಯರನ್ನು ನೇಮಿಸುವುದು, ಅವರಿಗೆ ನಿಶ್ಚಿತವಾದ ಸಂಬಳ ಕೊಡುವುದು, ಸೀಮೆಯನ್ನು ಬಲ್ಲ ವೈದ್ಯರು ನಿಲ್ಲುವಂತೆ ಮನೆ, ಮಕ್ಕಳ ಶಾಲೆಯ ಅನುಕೂಲ ಒದಗಿಸುವುದು, ಹಣವನ್ನು ಮಳೆಗಾಲಕ್ಕೆ ಮುಂಚೆ ಬಿಡುಗಡೆ ಮಾಡುವುದು: ಇವಾವುವೂ ಹೊಸ ವಿಜ್ಞಾನವನ್ನು ಬೇಡುವ ಸಂಗತಿಗಳಲ್ಲ.

ವಾಚಕರಲ್ಲಿ ಯಾರಾದರೂ ಚಳಿಗಾಲದಲ್ಲಿ ಈ ಕಡೆ ಬಂದರೆ ಅಂಜಬೇಕಾಗಿಲ್ಲ. ಕಾಡಿನ ದರಕಿನ ಮೇಲೆ ಕುಳಿತುಕೊಳ್ಳದಿದ್ದರೆ, ಮೈತುಂಬ ಬಟ್ಟೆ ತೊಟ್ಟರೆ, ಮರಳಿ ಬಂದು ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆದರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ದಾರಿಯಲ್ಲಿ ಎಲ್ಲಾದರೂ ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ, ಮುಟ್ಟದೆ, ಸಮೀಪದ ಆರೋಗ್ಯ ಕೇಂದ್ರಕ್ಕೋ ಗ್ರಾಮ ಪಂಚಾಯಿತಿಗೋ ಅಂದೇ ತಿಳಿಸಬೇಕು. ಮನುಷ್ಯನಿಗೆ ರೋಗ ತಾಗುವ ಮೊದಲು ಕಾಡು ಕೊಡುವ ಎಚ್ಚರಿಕೆ ಅದೊಂದೇ. ಅದು ಸೌದೆಗೆ ಹೋದವಳ ಕಣ್ಣಿಗೆ ಬಿದ್ದ ದಿನವೇ ಕೇಂದ್ರದ ಕಿವಿಗೆ ಬಿದ್ದರೆ, ಸಂಜೆಯೊಳಗೆ ಅಲ್ಲಿ ಉಣುಗು ಕೊಲ್ಲುವ ಪುಡಿ ಚೆಲ್ಲಿ ಸುತ್ತಲಿನ ಮನೆಗಳಿಗೆ ಎಚ್ಚರಿಕೆ ಹೇಳಬಹುದು. ನಾಲ್ಕು ದಿನ ತಡವಾದರೆ ಅಷ್ಟರಲ್ಲಿ ಆ ದಾರಿಯಾಗಿ ದರಕಿನ ಹೊರೆ ಮನೆಗೆ ಬಂದಿರುತ್ತದೆ.